ಓದುಗರ ಪ್ರಶ್ನೆ: ನನ್ನ ಬಗ್ ವರದಿಯನ್ನು ಏಕೆ ಮುಚ್ಚಿದರು?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಪ್ರಶ್ನೆಪತ್ರಿಕೆಗಳನ್ನು ಉಚಿತವಾಗಿ ಸಿಗುವ ಸಮುದಾಯದ ತಂತ್ರಾಂಶವೊಂದರಲ್ಲಿ ಸಿದ್ಧಪಡಿಸುತ್ತೇನೆ. ಕೆಲವು ಪದಗಳಲ್ಲಿ ಅರ್ಕಾವತ್ತು ಮುಂದಿನ ಅಕ್ಷರದ ಮೇಲೆ ಏರಿಬಿಡುತ್ತದೆ. ಖಾತೆ ತೆರೆದು, ಇಂಗ್ಲಿಷಿನಲ್ಲಿ ಕಷ್ಟಪಟ್ಟು ಬರೆದು, ಪರದೆಯ ಚಿತ್ರವನ್ನೂ ಲಗತ್ತಿಸಿ ವರದಿ ಮಾಡಿದೆ. ಯಾರೋ ಬಂದು 'ಮಾಹಿತಿ ಬೇಕು' ಎಂದು ಗುರುತು ಹಾಕಿದರು. ಆಗ ಮೌಲ್ಯಮಾಪನದ ಗಡಿಬಿಡಿ, ಉತ್ತರಿಸಲಾಗಲಿಲ್ಲ. ಈಗ ನೋಡಿದರೆ ವರದಿಯನ್ನೇ ಮುಚ್ಚಿದ್ದಾರೆ. ಕನ್ನಡದವರ ಮಾತಿಗೆ ಇಷ್ಟೇ ಬೆಲೆಯೇ ಮೇಡಂ?

ಉತ್ತರ: ಬೆಲೆ ಇದೆ. ಅದನ್ನು ನಿಮಗೆ ಮನದಟ್ಟು ಮಾಡಬೇಕೆಂದೇ ಈ ಸಲ ನಿಮ್ಮ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ನೀವು ಹೆಸರಿಸಿದ ತಂತ್ರಾಂಶದ ಹೆಸರನ್ನು ಇಲ್ಲಿ ಕೈಬಿಟ್ಟಿದ್ದೇನೆ. ನಾನು ಬಿಡುವಿನಲ್ಲಿ ವರದಿಗಳನ್ನು ಪರೀಕ್ಷಿಸುವುದು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ಯೋಜನೆಗೆ. ಅಲ್ಲಿನ ಕ್ರಮವನ್ನೇ ಹೇಳುತ್ತೇನೆ. ಸ್ವಯಂಸೇವಕರು ನಡೆಸುವ ಬೇರೆ ದೊಡ್ಡ ಯೋಜನೆಗಳಲ್ಲೂ ಇದಕ್ಕೆ ಹತ್ತಿರದ ಕ್ರಮವೇ ಇರುತ್ತದೆ.

ಲಿಬ್ರೆಆಫೀಸ್‌ಗೆ ಬರುವ ವರದಿಗಳು ಬಗ್‌ಝಿಲ್ಲಾ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. 1998ರಲ್ಲಿ ಮೊಝಿಲ್ಲಾ ಯೋಜನೆಗಾಗಿ ಹುಟ್ಟಿದ ವ್ಯವಸ್ಥೆ ಅದು. ಹೊಸದಾಗಿ ಬಂದ ವರದಿ 'ದೃಢಪಟ್ಟಿಲ್ಲ' ಎಂಬ ಸ್ಥಿತಿಯಲ್ಲಿರುತ್ತದೆ. ಬರೆದವರಲ್ಲದ ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಅದೇ ದೋಷವನ್ನು ಕಂಡಾಗ 'ಹೊಸದು' ಎಂದಾಗುತ್ತದೆ. ಕಾಣಲು ಬೇಕಾದ ವಿವರ ಸಾಲದಿದ್ದರೆ 'ಮಾಹಿತಿ ಬೇಕು'. ಹಾಗೆ ಕೇಳಿದ ಮೇಲೆ ಸುಮಾರು ಆರು ತಿಂಗಳು ಉತ್ತರ ಬಾರದಿದ್ದರೆ ನೆನಪೋಲೆ ಹೋಗುತ್ತದೆ. ಇನ್ನೊಂದು ತಿಂಗಳು ಕಾದು 'ಮಾಹಿತಿ ಸಾಲದು' ಎಂದು ಮುಚ್ಚುತ್ತಾರೆ. ಈ ಗಡುವು ಜರ್ಮನ್ ಬಳಕೆದಾರನಿಗೂ ಒಂದೇ, ಸಾಗರದ ಶಿಕ್ಷಕಿಗೂ ಒಂದೇ. ಕೇಳಿದ ವಿವರವನ್ನು ಈಗಲೂ ಬರೆದು, ಸ್ಥಿತಿಯನ್ನು ನೀವೇ ಮತ್ತೆ 'ದೃಢಪಟ್ಟಿಲ್ಲ' ಎಂದು ಬದಲಿಸಿದರೆ ವರದಿ ಸರದಿಗೆ ಮರಳುತ್ತದೆ. ದಯವಿಟ್ಟು ಸಿಟ್ಟಿನಲ್ಲಿ ಹೊಸ ವರದಿ ತೆರೆಯಬೇಡಿ. ಹಳೆಯ ಸಂಖ್ಯೆಯ ಅಡಿಯಲ್ಲಿಯೇ ಮುಂದುವರಿಸಿ. ಇಲ್ಲದಿದ್ದರೆ ಎರಡನ್ನೂ ಹೋಲಿಸಿ ಒಂದನ್ನು 'ನಕಲು' ಎಂದು ಗುರುತಿಸುವ ಕೆಲಸ ಮತ್ತೊಬ್ಬರ ತಲೆಗೆ ಬರುತ್ತದೆ.

ನಿಮ್ಮ ಚಿತ್ರವನ್ನು ನೋಡಿದೆ. ಕನ್ನಡ ಓದುವ ನನಗೆ ತಪ್ಪು ಕೂಡಲೇ ಕಂಡಿತು. ಬರ್ಲಿನ್‌ನಲ್ಲಿ ಕುಳಿತು ಅದನ್ನು ತೆರೆದವರಿಗೆ ಸರಿಯಾದ ರೂಪ ಯಾವುದೆಂಬುದೇ ಗೊತ್ತಿರುವುದಿಲ್ಲ. ಹುಬ್ಬಳ್ಳಿಯ ಮುದ್ರಣಾಲಯದಲ್ಲಿ ನಾನು ಪುಟ ಕಟ್ಟುತ್ತಿದ್ದಾಗ ಕರಡು ತಿದ್ದುವವರು ಅಂಚಿನಲ್ಲಿ ಗುರುತು ಹಾಕಿ, ಪಕ್ಕದಲ್ಲೇ ಸರಿಯಾದ ರೂಪವನ್ನು ಬರೆದು ಕೊಡುತ್ತಿದ್ದರು. ನಾವು ಎದ್ದು ಹೋಗಿ ಕೇಳಬೇಕಾಗಿರಲಿಲ್ಲ. ನಿಮ್ಮ ವರದಿಯೂ ಹಾಗಿರಲಿ. ತಪ್ಪು ಬರುವ ಒಂದೇ ಒಂದು ಸಾಲನ್ನು ಹೊಸ ಕಡತದಲ್ಲಿ ಹಾಕಿ, ಆ ಕಡತವನ್ನೇ ಲಗತ್ತಿಸಿ. ಇಡೀ ಪ್ರಶ್ನೆಪತ್ರಿಕೆ ಬೇಡ. ನಿಮಗೆ ಕಾಣುವ ರೂಪದ ಚಿತ್ರ ಮತ್ತು ಕಾಣಬೇಕಾದ ರೂಪದ ಚಿತ್ರ, ಎರಡೂ ಇರಲಿ. ಫಾಂಟಿನ ಹೆಸರು ಬರೆಯಿರಿ. ಲಿಬ್ರೆಆಫೀಸ್‌ನಲ್ಲಾದರೆ ಸಹಾಯ ಮೆನುವಿನ ಕೊನೆಯಲ್ಲಿ ತಂತ್ರಾಂಶದ ಪರಿಚಯ ತೆರೆದಾಗ ಆವೃತ್ತಿಯ ಪೂರ್ಣ ವಿವರ ಸಿಗುತ್ತದೆ, ನಕಲಿಸುವ ಗುಂಡಿಯೂ ಅಲ್ಲಿಯೇ ಇದೆ. 'ಇತ್ತೀಚಿನ ಆವೃತ್ತಿ' ಎಂದು ಬರೆದರೆ ಮೂರು ತಿಂಗಳ ನಂತರ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಅದೇ ಸಾಲನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ನೋಡಿ; ಬಳಿಕ ನಿಮ್ಮ ತಂತ್ರಾಂಶದಲ್ಲೇ ಬೇರೆ ಫಾಂಟಿಗೆ ಬದಲಿಸಿ ನೋಡಿ. ಕಾರಣ ಹೇಳುತ್ತೇನೆ. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಕೂಡಿಸಿ ಇಡುವುದು ಹಾರ್ಫ್‌ಬಝ್ ಎಂಬ ಇನ್ನೊಂದು ಸಮುದಾಯ ಯೋಜನೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಅದನ್ನು ಬಳಸುತ್ತವೆ. 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಕೂಡ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಅದನ್ನೇ ಬಳಸುತ್ತಿದೆ. ಹೀಗಾಗಿ ಒಂದೇ ಫಾಂಟಿನಲ್ಲಿ ಮಾತ್ರ ಎಲ್ಲೆಡೆ ತಪ್ಪು ಬಂದರೆ ಫಾಂಟಿನ ದೋಷವಿರುವ ಸಾಧ್ಯತೆ ಹೆಚ್ಚು, ಅದನ್ನು ಫಾಂಟಿನವರಿಗೇ ತಿಳಿಸಬೇಕು. ನೋಟೊ ಫಾಂಟುಗಳ ಕನ್ನಡಕ್ಕೆ, ತಂತ್ರಾಂಶಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಪ್ರತ್ಯೇಕ ಜಾಗವೇ ಇದೆ. ಫೈರ್‌ಫಾಕ್ಸ್‌ನಲ್ಲಿ ಸರಿಯಿದ್ದು ಇಲ್ಲಿ ಮಾತ್ರ ಕೆಟ್ಟರೆ ನೀವು ವರದಿ ಮಾಡಿದ ಜಾಗ ಸರಿ. ಈ ಎರಡು ಸಾಲನ್ನು ವರದಿಗೆ ಸೇರಿಸಿದರೆ ಅಭಿವರ್ಧಕರ ಅರ್ಧ ದಿನ ಉಳಿಯುತ್ತದೆ.

ಕೆಲವೊಮ್ಮೆ ತಪ್ಪು ಪಠ್ಯದಲ್ಲೇ ಇರುತ್ತದೆ. 'ರ‍್ಯಾಂಕ್' ಎಂದು ಬರಬೇಕಾದಲ್ಲಿ 'ರ್ಯಾಂಕ್' ಎಂದು ಅರ್ಕಾವತ್ತಾಗಿ ಬರುವುದನ್ನು ಎಲ್ಲರೂ ನೋಡಿದ್ದೇವೆ. ರಕಾರಕ್ಕೂ ಅದನ್ನು ಅರ್ಧಾಕ್ಷರವಾಗಿಸುವ ಹಲಂತ ಚಿಹ್ನೆಗೂ ನಡುವೆ ಅಗಲವಿಲ್ಲದ ಒಂದು ಜೋಡಕ ಅಕ್ಷರವನ್ನು ಇಡಬೇಕು. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಅದು ಬಿಟ್ಟುಹೋಗುವುದುಂಟು. ಇದಕ್ಕೆ ತಂತ್ರಾಂಶವನ್ನು ದೂರಿ ಫಲವಿಲ್ಲ. ಲಿಬ್ರೆಆಫೀಸ್‌ನ ಬರವಣಿಗೆಯ ತಂತ್ರಾಂಶವಾದ ರೈಟರ್‌ನಲ್ಲಿ ಅಕ್ಷರ ಮುಗಿದ ಕೂಡಲೇ ಅದರ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಅದರ ಯುನಿಕೋಡ್ ಸಂಕೇತ ಕಾಣುತ್ತದೆ, ಮತ್ತೆ ಒತ್ತಿದರೆ ಅಕ್ಷರ ಮರಳುತ್ತದೆ. ಕನ್ನಡ ಬಾರದ ಅಭಿವರ್ಧಕರಿಗೆ ಆ ಸಂಕೇತಗಳ ಸಾಲು ನೂರು ಮಾತಿಗಿಂತ ಸ್ಪಷ್ಟ.

ಇಷ್ಟು ಶ್ರಮ ಏಕೆ ಎಂದು ನೀವು ಕೇಳಬಹುದು. ಮುದ್ರಿಸುವಾಗ ತಂತ್ರಾಂಶ ನಿಂತುಹೋದರೆ ಪ್ರಪಂಚದ ಎಲ್ಲ ಮೂಲೆಗಳಿಂದ ವರದಿ ಬರುತ್ತದೆ. ಅರ್ಕಾವತ್ತು ಕೆಟ್ಟರೆ ನಮ್ಮಿಂದ ಮಾತ್ರ. ನಾವು ಬರೆಯದಿದ್ದರೆ ಆ ದೋಷ ಯಾವ ದಾಖಲೆಯಲ್ಲೂ ಇರುವುದಿಲ್ಲ. ನಿಮ್ಮ ವರದಿಯ ಸಂಖ್ಯೆಯನ್ನು ನನಗೆ ಕಳಿಸಿ. ನೀವು ಕಡತ ಸೇರಿಸಿದ ದಿನವೇ ನನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಅದರ ಅಡಿಯಲ್ಲಿ ಬರೆಯುತ್ತೇನೆ.

ಪ್ರಶ್ನೆ: ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾನು ಬಳಸುವ ಟಿಪ್ಪಣಿ ಆ್ಯಪ್‌ಗೆ ಒಂದು ಹೊಸ ಸೌಲಭ್ಯ ಬೇಕೆಂದು ಕೋರಿಕೆ ಹಾಕಿದೆ. ಗೆಳೆಯರೆಲ್ಲ ಬಂದು 'ನನಗೂ ಬೇಕು' ಎಂದು ಬರೆದರು. ಇಷ್ಟು ಬೆಂಬಲವಿದ್ದರೂ ಯಾರೂ ಕೈಗೆತ್ತಿಕೊಂಡಿಲ್ಲ. ಇನ್ನು ಹೇಗೆ ಒತ್ತಡ ಹಾಕಬೇಕು?

ಉತ್ತರ: ಒತ್ತಡ ಬೇಡ ತಮ್ಮಾ. ದೋಷವೆಂದರೆ ಕೊಟ್ಟ ಮಾತು ತಪ್ಪಿರುವುದು. ಕೋರಿಕೆಯೆಂದರೆ ಕೊಡದ ಮಾತನ್ನು ಕೇಳುವುದು. ಡೆಬಿಯನ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯವರು ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತಾರೆ, ಆದರೆ ತೀವ್ರತೆಯ ಮೆಟ್ಟಿಲುಗಳಲ್ಲಿ ಕೋರಿಕೆಗೆ ಎಲ್ಲಕ್ಕಿಂತ ಕೆಳಗಿನ 'ಬಯಕೆಪಟ್ಟಿ' ಎಂಬ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ತಿರಸ್ಕಾರವೇನೂ ಇಲ್ಲ. ಮೇಲಿನ ಮೂರು ಮೆಟ್ಟಿಲಿನ ದೋಷಗಳು ಹೊಸ ಆವೃತ್ತಿಯ ಬಿಡುಗಡೆಯನ್ನೇ ತಡೆಯುತ್ತವೆ, ಬಯಕೆ ತಡೆಯುವುದಿಲ್ಲ, ಅಷ್ಟೇ.

'ನನಗೂ ಬೇಕು' ಎಂಬ ಸಾಲುಗಳ ಬಗ್ಗೆ ಒಂದು ಇತಿಹಾಸವಿದೆ. 2016ರ ಜನವರಿಯಲ್ಲಿ ಹಲವಾರು ಮುಕ್ತ ತಂತ್ರಾಂಶಗಳ ನಿರ್ವಾಹಕರು ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ಅರ್ಥವಿಲ್ಲದ ಬೆಂಬಲದ ಸಾಲುಗಳಿಂದ ಚರ್ಚೆಗಳು ತುಂಬಿಹೋಗುತ್ತಿವೆ, ವರದಿಗಳಲ್ಲಿ ಅಗತ್ಯ ವಿವರವೇ ಇರುವುದಿಲ್ಲ ಎಂಬುದು ಅವರ ಅಳಲುಗಳಲ್ಲಿ ಮುಖ್ಯವಾದವು. ಮುಂದಿನ ಎರಡು ತಿಂಗಳಲ್ಲಿ ವರದಿಗೆ ಸಿದ್ಧ ನಮೂನೆಗಳೂ, ಬೆಂಬಲ ಸೂಚಿಸಲು ಒತ್ತುವ ಮೇಲೆತ್ತಿದ ಹೆಬ್ಬೆರಳಿನ ಚಿತ್ರವೂ ಅಲ್ಲಿ ಬಂದವು. ನಿಮ್ಮ ಗೆಳೆಯರು ಆ ಹೆಬ್ಬೆರಳಿನ ಚಿತ್ರವನ್ನು ಒತ್ತಲಿ. ಒಬ್ಬರ ಅಂಚೆಪೆಟ್ಟಿಗೆಯೂ ತುಂಬುವುದಿಲ್ಲ, ಎಣಿಕೆಯೂ ಸಿಗುತ್ತದೆ.

ಒತ್ತಡ ಎಂಬ ನಿಮ್ಮ ಮಾತು ನನ್ನನ್ನು ಕಳವಳಗೊಳಿಸಿತು, ಅದಕ್ಕೇ ಇದನ್ನು ಹೇಳಬೇಕು. ಎಕ್ಸ್‌ಝೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತ ಖಾತೆಗಳು ಬಂದು, ಕೆಲಸ ನಿಧಾನವಾಯಿತು, ಬೇರೆಯವರಿಗೆ ಹೊಣೆ ಕೊಡಿ ಎಂದು ಅವರನ್ನು ಒತ್ತಾಯಿಸಿದವು. ಹೀಗೆ ನಂಬಿಕೆ ಗಳಿಸಿ ಒಳಬಂದ ಸಹನಿರ್ವಾಹಕನೊಬ್ಬ 2024ರ ಆರಂಭದಲ್ಲಿ ಅದರೊಳಗೆ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಇಟ್ಟ. ಆ ಖಾತೆಗಳೂ ಸಂಚಿನ ಭಾಗವೆಂದೇ ಬಲ್ಲವರ ನಂಬಿಕೆ. ಅದನ್ನು ಹಿಡಿದವರು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರು ಬೆನ್ನುಹತ್ತಿ ಹೋದರು. 2024ರ ಮಾರ್ಚ್ 29ರಂದು ಅವರ ವಿವರವಾದ ವರದಿ ಹೊರಬಂತು. ದಣಿದ ಒಬ್ಬ ಮನುಷ್ಯನ ಮೇಲೆ ಬೇಡಿಕೆ ಹೇರಿದ್ದೂ ಬರಹವೇ, ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ತಾಳ್ಮೆಯಿಂದ ದಾಖಲಿಸಿದ್ದೂ ಬರಹವೇ. ನೀವು ಎರಡನೆಯದನ್ನು ಕಲಿಯಿರಿ.

ನಿಮ್ಮ ಕೋರಿಕೆಯನ್ನು ಓದಿದೆ. 'ಬಲಗಡೆ ಹಸಿರು ಗುಂಡಿ ಬೇಕು' ಎಂದಿದ್ದೀರಿ. ಆ ಗುಂಡಿ ಇಲ್ಲದೆ ಈಗ ಯಾವ ಕೆಲಸ ಕೆಡುತ್ತಿದೆ, ಅದನ್ನು ಸದ್ಯಕ್ಕೆ ಹೇಗೆ ಸುಧಾರಿಸಿಕೊಳ್ಳುತ್ತಿದ್ದೀರಿ ಎಂದು ಬರೆಯಿರಿ. ಪರಿಹಾರ ಗುಂಡಿಯೇ ಆಗಬೇಕಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ನೀವೇ ಅದನ್ನು ಬರೆದುಕೊಡಬಹುದು ಕೂಡ. ಆದರೆ ಕೋಡ್ ಬರೆಯುವ ಮೊದಲು ಕೋರಿಕೆಯ ಅಡಿಯಲ್ಲಿಯೇ 'ಇದನ್ನು ನಾನು ಮಾಡಿದರೆ ಸ್ವೀಕರಿಸುತ್ತೀರಾ' ಎಂದು ಕೇಳಿ. ಸ್ವೀಕರಿಸಿದ ಕೋಡನ್ನು ವರ್ಷಗಟ್ಟಲೆ ಸಾಕಬೇಕಾದವರು ಅವರು.

ಪ್ರಶ್ನೆ: ಅಂಚೆ ಇಲಾಖೆಯಿಂದ ನಿವೃತ್ತನಾಗಿ ಧಾರವಾಡದಲ್ಲಿದ್ದೇನೆ. ಪ್ರೋಗ್ರಾಮಿಂಗ್ ಬಾರದು. ಇಂಥ ಯೋಜನೆಗಳಲ್ಲಿ ನನ್ನಂಥವರಿಗೆ ಕೆಲಸ ಇದೆಯೇ?

ಉತ್ತರ: ಇದೆ ಸರ್, ಮತ್ತು ನಿಮ್ಮ ವೃತ್ತಿಗೆ ಒಪ್ಪುವ ಕೆಲಸ. ಬಂದ ವರದಿಗಳನ್ನು ವಿಂಗಡಿಸುವವರು ಎಲ್ಲ ಯೋಜನೆಗಳಲ್ಲೂ ಕಡಿಮೆ. ಲಿಬ್ರೆಆಫೀಸ್‌ನಲ್ಲಿ ಒಂದು ವರ್ಷದಿಂದ ಯಾರೂ ಮುಟ್ಟದ ವರದಿಗಳ ಅಡಿಯಲ್ಲಿ 'ಹೊಸ ಆವೃತ್ತಿಯಲ್ಲಿ ಈ ದೋಷ ಇನ್ನೂ ಇದೆಯೇ' ಎಂಬ ಸ್ವಯಂಚಾಲಿತ ಪ್ರಶ್ನೆ ಬೀಳುತ್ತದೆ. ಅದಕ್ಕೆ ಮನುಷ್ಯರು ಉತ್ತರಿಸಬೇಕು. ಹೊಸ ಆವೃತ್ತಿ ಹಾಕಿಕೊಂಡು, ವರದಿಯಲ್ಲಿರುವ ಹೆಜ್ಜೆಗಳನ್ನು ಅನುಸರಿಸಿ, ಕಂಡದ್ದನ್ನು ಆವೃತ್ತಿಯ ಸಂಖ್ಯೆಯ ಸಮೇತ ಬರೆದರೆ ಸಾಕು. ಕನ್ನಡದ ವರದಿಗಳಿಂದಲೇ ಆರಂಭಿಸಿ. ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಬದಲಾಗುತ್ತಿಲ್ಲ ಎಂಬ ದೂರು ಬಂದರೆ, ಶೈಲಿಯಲ್ಲಿ ಇಂಗ್ಲಿಷಿಗೂ ಕನ್ನಡದಂಥ ಸಂಕೀರ್ಣ ಲಿಪಿಗಳಿಗೂ ಪ್ರತ್ಯೇಕ ಫಾಂಟ್ ಆಯ್ಕೆಗಳಿವೆ ಎಂಬುದನ್ನು ತಿಳಿಸಿ. ಎರಡನೆಯದನ್ನು ಬದಲಿಸಿದರೆ ಸರಿಹೋಗುತ್ತದೆ.

ಹಳೆಯ ವರದಿಗಳು ವ್ಯರ್ಥವೆಂದು ಎಣಿಸಬೇಡಿ. ಇನ್ನೊಂದು ಕಿಟಕಿಗೆ ಹೋದರೂ ಫೈರ್‌ಫಾಕ್ಸ್‌ನ ಸುಳಿವಿನ ಚೀಟಿ (ಗುಂಡಿಯ ಮೇಲೆ ಮೌಸ್ ಇಟ್ಟಾಗ ಕಾಣುವ ಪುಟ್ಟ ವಿವರಣೆ) ಪರದೆಯ ಮೇಲೆ ಉಳಿದುಬಿಡುವ ದೋಷ 2002ರಲ್ಲಿ ದಾಖಲಾಯಿತು, 2023ರಲ್ಲಿ ಸರಿಯಾಯಿತು. ನಡುವಿನ ವರ್ಷಗಳಲ್ಲಿ ಅದನ್ನು ಯಾರೂ ಅಳಿಸದೆ ಇಟ್ಟದ್ದರಿಂದ ಸರಿಪಡಿಸಲು ಬಂದವರಿಗೆ ಹಿನ್ನೆಲೆಯೆಲ್ಲ ಒಂದೇ ಜಾಗದಲ್ಲಿ ಸಿಕ್ಕಿತು.

ಪ್ರಶ್ನೆ: ಭದ್ರತೆಗೆ ಸಂಬಂಧಿಸಿದ ದೋಷ ಕಂಡರೆ? (ಓದುಗರು, ತುಮಕೂರು)

ಉತ್ತರ: ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಹಾಕಬೇಡಿ. ದೊಡ್ಡ ಯೋಜನೆಗಳಿಗೆ ಪ್ರತ್ಯೇಕ ಭದ್ರತಾ ವಿಳಾಸವಿರುತ್ತದೆ. ಅಲ್ಲಿಗೆ ಗೋಪ್ಯವಾಗಿ ಬರೆಯಿರಿ. ಸರಿಪಡಿಸಿದ ಆವೃತ್ತಿ ಬಂದ ಮೇಲೆ ವಿವರ ಬಹಿರಂಗವಾಗಲಿ.

ಪ್ರಶ್ನೆ: ಮಂಗಳೂರಿನಲ್ಲಿ ಕೆಲವರು ಸೇರಿ ನಿಘಂಟು ಆ್ಯಪ್ ಮಾಡುತ್ತಿದ್ದೇವೆ. ದೂರುಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತವೆ, ಮರುದಿನ ಸಿಗುವುದಿಲ್ಲ. ಯಾವ ವ್ಯವಸ್ಥೆ ಒಳ್ಳೆಯದು?

ಉತ್ತರ: ನಿಮ್ಮ ಕೋಡ್ ಎಲ್ಲಿದೆಯೋ ಅಲ್ಲಿನ ವ್ಯವಸ್ಥೆಯೇ ಸಾಕು, ಗಿಟ್‌ಹಬ್, ಗಿಟ್‌ಲ್ಯಾಬ್ ಎರಡರಲ್ಲೂ ಇದೆ. ಗುಂಪಿನಲ್ಲಿ ಬಂದ ದೂರನ್ನು ನಿಮ್ಮಲ್ಲೊಬ್ಬರು ಅದೇ ದಿನ ಅಲ್ಲಿ ದಾಖಲಿಸಿ, ಸಂಖ್ಯೆಯನ್ನು ಗುಂಪಿಗೆ ತಿಳಿಸಲಿ. ಕನ್ನಡದಲ್ಲಿ, ತುಳುವಿನಲ್ಲಿ ಬರೆದ ವರದಿಗಳನ್ನೂ ಸ್ವೀಕರಿಸಿ. ನಿಮ್ಮ ಬಳಕೆದಾರರಿಂದ ಇಂಗ್ಲಿಷನ್ನು ನಿರೀಕ್ಷಿಸಬೇಡಿ. ಗುರುತುಪಟ್ಟಿಗಳು ಎರಡೇ ಇರಲಿ, ದೋಷ ಮತ್ತು ಕೋರಿಕೆ. ಮುಚ್ಚುವಾಗ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆಯಿರಿ. ಮುಂದೆ ವ್ಯವಸ್ಥೆ ಬದಲಿಸುವ ಸಂದರ್ಭ ಬಂದರೆ ಹಳೆಯ ಸಂಖ್ಯೆಗಳನ್ನು ಕಳೆದುಕೊಳ್ಳಬೇಡಿ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದವರು 2014ರಲ್ಲಿ ಬಗ್‌ಝಿಲ್ಲಾದಿಂದ ಫ್ಯಾಬ್ರಿಕೇಟರ್ ಎಂಬ ಇನ್ನೊಂದು ವ್ಯವಸ್ಥೆಗೆ ಹೋದಾಗ ಪ್ರತಿ ಹಳೆಯ ಸಂಖ್ಯೆಗೂ 2000 ಕೂಡಿಸಿದರು. 1ನೇ ವರದಿ 2001 ಆಯಿತು, ಹಳೆಯ ಚರ್ಚೆಗಳಲ್ಲಿ ಬಂದಿದ್ದ ಸಂಖ್ಯೆಗಳನ್ನು ಇಂದಿಗೂ ಹುಡುಕಿ ತೆಗೆಯಬಹುದು.