ಗೋಡೆಯ ಕಿತ್ತಳೆ ಪಾಚಿಯಲ್ಲಿ ಔಷಧ ಗುಣ ಇದೆಯಾ?

ಪ್ರಶ್ನೆ: ನಮ್ಮ ಕಾಫಿ ತೋಟದ ಕಲ್ಲುಗೋಡೆ, ಸಿಲ್ವರ್ ಮರಗಳ ಮೇಲೆಲ್ಲ ಕಿತ್ತಳೆ ಬಣ್ಣದ ವೆಲ್ವೆಟ್‌ನಂಥದ್ದು ಬೆಳೆದಿದೆ. ಅದು ಪಾಚಿ ಎಂದು ನಮ್ಮ ಮೇಷ್ಟ್ರು ಹೇಳಿದರು. ಬಿಎಸ್ಸಿ ಪ್ರಾಜೆಕ್ಟ್‌ಗೆ ಅದರ ಬಣ್ಣದ ಆಂಟಿಆಕ್ಸಿಡೆಂಟ್ ಗುಣ ನೋಡಬೇಕೆಂದಿದ್ದೇನೆ. ಡಿಪಿಪಿಎಚ್ ಪರೀಕ್ಷೆ ಸಾಕಾ? ಫಲಿತಾಂಶ ಚೆನ್ನಾಗಿ ಬಂದರೆ ಔಷಧ ಅನ್ನಬಹುದಾ?
— ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಅದು ಟ್ರೆಂಟಿಪೋಲಿಯಾ ಎಂಬ ಪಾಚಿ ಇರಬೇಕು. ಮೈಕ್ರೋಸ್ಕೋಪಿನಲ್ಲಿ ಎಳೆ ಎಳೆಯಾಗಿ ಕಂಡರೆ, ಒಳಗೆ ಕಿತ್ತಳೆ ಹನಿಗಳಿದ್ದರೆ ಅದೇ. ಹುಟ್ಟಿನಿಂದ ಹಸಿರು ಪಾಚಿಯ ಬಳಗವೇ. ಕ್ಯಾರೊಟಿನ್ ಎಂಬ ಕಿತ್ತಳೆ ಬಣ್ಣದ ವಸ್ತು ಜಾಸ್ತಿ ಇರುವುದರಿಂದ ಹಸಿರು ಮುಚ್ಚಿಹೋಗುತ್ತದೆ. ಮಡಿಕೇರಿಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ಇದರ ಮುಂದೆ ನಿಲ್ಲಿಸುತ್ತಿದ್ದೆ. ಕಬ್ಬಿಣದ ತುಕ್ಕು ಎನ್ನುವವರೇ ಹೆಚ್ಚು. ಮನೆ ಬಾಗಿಲಲ್ಲೇ ಇರುವುದನ್ನು ನೀವು ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಈಗ ಪರೀಕ್ಷೆ. ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ಕಡು ನೇರಳೆ. ಆಂಟಿಆಕ್ಸಿಡೆಂಟ್ ಸೇರಿದರೆ ಹಳದಿಗೆ ತಿರುಗುತ್ತದೆ. ನೇರಳೆ ಎಷ್ಟು ಇಳಿಯಿತೆಂದು 517 ನ್ಯಾನೊಮೀಟರ್ ತರಂಗದ ಬೆಳಕಿನಲ್ಲಿ ಯಂತ್ರದಿಂದ ಅಳೆಯುತ್ತೇವೆ. ನಿಮ್ಮ ತೊಂದರೆ ಇರುವುದು ಇಲ್ಲೇ. ಪಾಚಿಯಿಂದ ತೆಗೆದ ನಿಮ್ಮ ಸಾರವೇ ಹಳದಿ-ಕಿತ್ತಳೆ! ಕಣ್ಣಿಗೆ ಪರೀಕ್ಷೆ ಗೆದ್ದ ಹಾಗೆ ಕಾಣುತ್ತದೆ. ಯಂತ್ರ ಮಾತ್ರ ಸಾರದ ಬಣ್ಣವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ, ಆಗ ಫಲಿತಾಂಶ ನಿಜಕ್ಕಿಂತ ಕಡಿಮೆ ಬರುತ್ತದೆ. ಆದ್ದರಿಂದ ಪ್ರತಿ ಪ್ರಮಾಣಕ್ಕೂ ಡಿಪಿಪಿಎಚ್ ಹಾಕದ, ಬರೀ ಸಾರವಿರುವ ಒಂದು ಟ್ಯೂಬ್ ಇಡಿ. ಅದರ ರೀಡಿಂಗ್ ಕಳೆಯಿರಿ. ಹೋಲಿಸಲು ವಿಟಮಿನ್ ಸಿ ಇರಲಿ. ಬರೀ ದ್ರಾವಕದ (ಸಾರ ಕರಗಿಸುವ ದ್ರವದ) ಟ್ಯೂಬ್ ಕೂಡ ಬೇಕು. ಕ್ಯಾರೊಟಿನ್ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ಮೆಥನಾಲ್ ದ್ರಾವಕದಲ್ಲಿ ಸರಿಯಾಗಿ ಕರಗುವುದಿಲ್ಲ. ಟ್ಯೂಬ್ ಕದಡಿದ್ದರೆ ಆ ಅಂಕೆಯನ್ನು ನಂಬಬೇಡಿ. ಬೆಳಕು, ಬಿಸಿ ಎರಡೂ ಬಣ್ಣವನ್ನು ಕೆಡಿಸುತ್ತವೆ, ಸಾರವನ್ನು ಕತ್ತಲಲ್ಲಿ ತಣ್ಣಗಿಡಿ.

ಇನ್ನೊಂದು ಮಾತು. ಸಾರ ತೆಗೆಯಲು ಅಸಿಟೋನ್ ಬಳಸಿದರೆ ಅದು ಕ್ಯಾರೊಟಿನ್ ಒಂದನ್ನೇ ಎಳೆಯುವುದಿಲ್ಲ. ಕ್ಲೋರೊಫಿಲ್ ಮತ್ತು ಬೇರೆ ವಸ್ತುಗಳೂ ಬರುತ್ತವೆ. ಬೇರ್ಪಡಿಸದೆ 'ಬಣ್ಣದ ಗುಣ' ಎಂದು ಬರೆಯಬೇಡಿ, 'ಪಾಚಿ ಸಾರದ ಗುಣ' ಅನ್ನಿ. ಇದನ್ನು ಸುಮ್ನೆ ಬಿಟ್ಟು ಬಿಡುವವರು ಬಹಳ ಜನ.

ಔಷಧ ಅನ್ನಬಹುದಾ? ಖಂಡಿತ ಬೇಡ. ಟ್ಯೂಬಿನಲ್ಲಿ ಜೀರ್ಣಕ್ರಿಯೆ ಇಲ್ಲ, ರಕ್ತವಿಲ್ಲ, ಜೀವಕೋಶವಿಲ್ಲ. ಕ್ಯಾರೊಟಿನ್‌ನ ಒಂದು ಬಗೆಯಾದ ಬೀಟಾ ಕ್ಯಾರೊಟಿನ್ ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ ಫಿನ್ಲೆಂಡ್‌ನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ದಿನಕ್ಕೆ 20 ಮಿಲಿಗ್ರಾಂ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ತೆಗೆದುಕೊಂಡವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 18%ರಷ್ಟು ಹೆಚ್ಚಾಗಿತ್ತು. ನಿಮ್ಮ ವರದಿಯ ಕೊನೆಯ ಪುಟ ಬರೆಯುವಾಗ ಇದು ನೆನಪಿರಲಿ. ಗೋಡೆಯಿಂದ ಕೆರೆದದ್ದನ್ನು ಯಾರೂ ಬಾಯಿಗೆ ಹಾಕಬಾರದು ಎಂದು ಮನೆಯವರಿಗೂ ಹೇಳಿ.

ಸಿಲ್ವರ್ ಮರದ ತೊಗಟೆ ಕೆರೆದು ಗಾಯ ಮಾಡಬೇಡಿ, ಕಲ್ಲುಗೋಡೆಯದ್ದೇ ಸಾಕು. ಮರಕ್ಕೆ ಈ ಪಾಚಿಯಿಂದ ಕೇಡಿಲ್ಲ. ಫಲಿತಾಂಶ ಬಂದ ಮೇಲೆ ಬರೀ ಸಾರದ ಟ್ಯೂಬಿನ ಅಂಕೆಗಳನ್ನೂ ಸೇರಿಸಿ ನನಗೆ ಬರೆಯಿರಿ.