ಮೆನಿಸ್ಕಸ್ ತೊಂದರೆಗೆ ಕೊಲಾಜೆನ್ ಪುಡಿ ಕೆಲಸ ಮಾಡುತ್ತದೆಯೇ?

ಎಂಆರ್‌ಐ ವರದಿಯಲ್ಲಿ ಮಂಡಿಯ ಒಳಬದಿಯ ಮೆನಿಸ್ಕಸ್‌ಗೆ (ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ) ಗ್ರೇಡ್ 2 ಎಂದು ಬರೆದಿದ್ದಾರೆ, ಕೊಲಾಜೆನ್ ತೆಗೆದುಕೊಂಡರೆ ಅದು ಕೂಡಿಕೊಳ್ಳುತ್ತದೆಯೇ, ಯಾವುದನ್ನು ಎಷ್ಟು ತೆಗೆದುಕೊಳ್ಳಬೇಕು ಎಂದು ಕೇಳಿದ್ದೀರಿ.

ಮೊದಲು ವರದಿಯ ವಿಷಯ. ಗ್ರೇಡ್ 1 ಮತ್ತು 2 ಅಂದರೆ ಬದಲಾವಣೆ ಮೆನಿಸ್ಕಸ್‌ನ ಒಳಗಷ್ಟೇ ಇದೆ, ಮೇಲ್ಮೈಗೆ ಬಂದಿಲ್ಲ. ಮೇಲ್ಮೈ ಮುಟ್ಟಿದರೆ ಗ್ರೇಡ್ 3, ಅದನ್ನೇ ಸೀಳು ಎನ್ನುವುದು. ನಡುವಯಸ್ಸು ದಾಟಿದವರಲ್ಲಿ ನೋವೇ ಇಲ್ಲದ ಮಂಡಿಯಲ್ಲೂ ಇಂಥವು ಕಾಣಿಸುತ್ತವೆ. ಆದ್ದರಿಂದ ಗಾಬರಿಯಾಗಬೇಡಿ.

ಇನ್ನು ಕೊಲಾಜೆನ್. ಅದು ಸೀಳನ್ನು ಹೊಲಿಯುವುದಿಲ್ಲ. ಹೊಟ್ಟೆಗೆ ಹೋದದ್ದು ಅಮೈನೋ ಆಮ್ಲಗಳಾಗಿ, ಪುಟ್ಟ ಪೆಪ್ಟೈಡ್‌ಗಳಾಗಿ ಒಡೆದು ರಕ್ತ ಸೇರುತ್ತದೆ. ದೊಡ್ಡವರ ಮೆನಿಸ್ಕಸ್‌ನಲ್ಲಿ ರಕ್ತನಾಳ ಇರುವುದು ಹೊರ ಅಂಚಿನಲ್ಲಿ ಮಾತ್ರ, ಹೆಚ್ಚೆಂದರೆ ಮೂರನೇ ಒಂದು ಪಾಲು. ಒಳಭಾಗ ಬದುಕುವುದು ಕೀಲಿನ ದ್ರವದಿಂದ, ಆ ದ್ರವ ಒಳಹೊರಗೆ ಓಡಾಡುವುದು ಮಂಡಿ ಆಡಿದಾಗ. ಸುಮ್ಮನೆ ಕೂತು ಪುಡಿ ಕುಡಿದರೆ ಪ್ರಯೋಜನ ಕಡಿಮೆ ಎನ್ನುವುದು ಇದಕ್ಕೇ. ಸಂಶೋಧನೆಗಳೂ ಬಹುಪಾಲು ಮಂಡಿ ಸವೆತದ ನೋವಿನ ಮೇಲೆ ನಡೆದಿವೆ. ಅಲ್ಲಿ ಕೆಲವರಿಗೆ ನೋವು ಸ್ವಲ್ಪ ತಗ್ಗಿದೆ, ಅಷ್ಟೇ.

ಆದರೂ ತೆಗೆದುಕೊಂಡು ನೋಡುವುದಾದರೆ ಸರಿಯಾಗಿ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ‘ಹೈಡ್ರೊಲೈಸ್ಡ್ ಕೊಲಾಜೆನ್’ ಅಥವಾ ‘ಕೊಲಾಜೆನ್ ಪೆಪ್ಟೈಡ್’ ಎಂದಿರಬೇಕು, ದಿನಕ್ಕೆ 10 ಗ್ರಾಂ. ಬಹಳ ಜನ ಎಡವುವುದು ಇಲ್ಲೇ: 1 ಗ್ರಾಂನ ಮಾತ್ರೆ ಎರಡು ನುಂಗಿ ತಿಂಗಳಾದರೂ ಗುಣವಿಲ್ಲ ಎನ್ನುತ್ತಾರೆ. ಅಷ್ಟು ಪ್ರಮಾಣಕ್ಕೆ ಮಾತ್ರೆಗಿಂತ ಪುಡಿಯೇ ವಾಸಿ. ಬಿಸಿ ಪಾನೀಯಕ್ಕೂ ಬೆರೆಸಬಹುದು. ‘ಅನ್‌ಡಿನೇಚರ್ಡ್ ಟೈಪ್ 2’, ಅಂದರೆ ಒಡೆಯದೆ ಮೂಲ ರಚನೆಯಲ್ಲೇ ಉಳಿಸಿದ ಕೊಲಾಜೆನ್, ಬೇರೆಯೇ ಸಾಮಗ್ರಿ. ಅದರ ಪ್ರಮಾಣ ದಿನಕ್ಕೆ 40 ಮಿಲಿಗ್ರಾಂ, ಬಿಸಿ ತಾಗಿದರೆ ಅದರ ರಚನೆ ಕೆಡುತ್ತದೆ. ಎರಡರ ಪ್ರಮಾಣವನ್ನೂ ಅದಲುಬದಲು ಮಾಡಬೇಡಿ.

ಕೊಲಾಜೆನ್ ಕಟ್ಟಲು ದೇಹಕ್ಕೆ ವಿಟಮಿನ್ ಸಿ ಬೇಕೇ ಬೇಕು. 2017ರ ಒಂದು ಸಣ್ಣ ಪ್ರಯೋಗದಲ್ಲಿ 15 ಗ್ರಾಂ ಜೆಲಟಿನ್ನನ್ನು (ಕೊಲಾಜೆನ್ ಬೇಯಿಸಿದಾಗ ಸಿಗುವಂಥದ್ದು) ವಿಟಮಿನ್ ಸಿ ಜೊತೆ ವ್ಯಾಯಾಮಕ್ಕೆ ಒಂದು ಗಂಟೆ ಮೊದಲು ಕೊಟ್ಟಾಗ ಕೊಲಾಜೆನ್ ತಯಾರಿಯ ಸೂಚಕ ರಕ್ತದಲ್ಲಿ ಏರಿತ್ತು. ಅದು ಮೆನಿಸ್ಕಸ್ ಮೇಲಿನ ಪ್ರಯೋಗವಲ್ಲ, ಆದರೂ ಆ ಹೊತ್ತನ್ನೇ ಪಾಲಿಸಿದರೆ ನಷ್ಟವಿಲ್ಲ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿಬಿಡಿ.

ಕೊಲಾಜೆನ್ನೆಲ್ಲ ಪ್ರಾಣಿ ಅಥವಾ ಮೀನಿನಿಂದ ಬರುವಂಥದ್ದು. ಸಸ್ಯಾಹಾರಿಗಳಿಗೆಂದು ಮಾರುವ ‘ಬೂಸ್ಟರ್’ಗಳಲ್ಲಿ ಸಾಮಾನ್ಯವಾಗಿ ಕೊಲಾಜೆನ್ನೇ ಇರುವುದಿಲ್ಲ. ಕೊಲಾಜೆನ್‌ನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲದ್ದರಿಂದ ದಿನದ ಪ್ರೋಟೀನ್ ಲೆಕ್ಕಕ್ಕೆ ಪೂರ್ತಿ ಸೇರಿಸಬೇಡಿ. ಮೂತ್ರಪಿಂಡದ ಕಲ್ಲು ಆಗಿದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಏಕೆಂದರೆ ಕೊಲಾಜೆನ್‌ನ ಹೈಡ್ರಾಕ್ಸಿಪ್ರೊಲಿನ್ ಎಂಬ ಅಮೈನೋ ಆಮ್ಲ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ, ಬಹುಪಾಲು ಕಲ್ಲುಗಳಲ್ಲಿ ಇರುವುದು ಅದೇ.

ನನ್ನನ್ನು ಕೇಳಿದರೆ ನಿಮ್ಮ ಶ್ರಮದ ಬಹುಪಾಲು ತೊಡೆಯ ಸ್ನಾಯುವಿಗೆ ಹೋಗಲಿ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ 5 ಸೆಕೆಂಡ್ ಹಿಡಿಯಿರಿ, ಹೀಗೆ 10 ಸಲ, ಮೂರು ಸುತ್ತು. ಆಮೇಲೆ ಕಾಲು ನೇರ ಎತ್ತುವುದು, ನೋವಿಲ್ಲದಷ್ಟೇ ಅರ್ಧ ಬಸ್ಕಿ. ಪೂರ್ತಿ ಕುಕ್ಕರಗಾಲಲ್ಲಿ ಕೂರುವುದು, ಪಾದ ಊರಿಕೊಂಡೇ ಮೈ ತಿರುಗಿಸುವುದು ಸದ್ಯ ಬೇಡ. ಮಾರನೆಯ ಬೆಳಿಗ್ಗೆ ಊತ ಅಥವಾ ನೋವು ಹೆಚ್ಚಿದ್ದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತೆಂದು ತಿಳಿದು ಕಡಿಮೆ ಮಾಡಿ. ತೂಕ ಹೆಚ್ಚಿದ್ದರೆ ಇಳಿಸಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಮಂಡಿ ಸಿಕ್ಕಿಹಾಕಿಕೊಂಡು ಪೂರ್ತಿ ಚಾಚಲು ಬಾರದಿದ್ದರೆ, ನಡೆಯುವಾಗ ಕುಸಿದಂತಾಗುತ್ತಿದ್ದರೆ, ಪೆಟ್ಟಾದ ಮೇಲೆ ಊದಿಕೊಂಡಿದ್ದರೆ ಪುಡಿಯನ್ನೂ ವ್ಯಾಯಾಮವನ್ನೂ ಬದಿಗಿಟ್ಟು ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ. ಹೊಲಿಗೆ ಹಾಕಬಹುದಾದ ಸೀಳು ದಿನ ಕಳೆದಂತೆ ಹೊಲಿಯಲಾಗದಂತೆ ಹಾಳಾಗಬಹುದು.