ಕುಷ್ಟಗಿ ದಾಳಿಂಬೆ ತೋಟದ ಕಿತ್ತಳೆ ರೆಕ್ಕೆಯ ಪತಂಗ

ಅಕ್ಟೋಬರ್ ರಾತ್ರಿ ಕುಷ್ಟಗಿಯ ದಾಳಿಂಬೆ ತೋಟದಲ್ಲಿ ಕಂಡ, ಕೂತರೆ ಒಣ ಎಲೆ, ಹಾರಿದರೆ ಕಿತ್ತಳೆ ಬಣ್ಣ, ಅದರಲ್ಲಿ ಕಪ್ಪು ಚುಕ್ಕೆ ಇರುವ ಹುಳು ಯಾವುದು ಅಂತ ಕೇಳಿದ್ದೀರಿ. ಅದು ಹಣ್ಣಿನ ರಸ ಹೀರುವ ಪತಂಗ, ಯೂಡೋಸಿಮಾ ಕುಲದ್ದು. ಹಿಂದಿನ ರೆಕ್ಕೆ ನೋಡಿ. ನಡುವೆ ದುಂಡನೆಯ ಕಪ್ಪು ಚುಕ್ಕೆ ಇದ್ದರೆ ಈ ಕುಲದ ಮಟರ್ನಾ ಜಾತಿ, ಅಲ್ಪವಿರಾಮದಂತೆ ಬಾಗಿದ ದಪ್ಪ ಗುರುತಿದ್ದರೆ ಫಲೋನಿಯಾ ಜಾತಿ. ನನಗನಿಸುವಂತೆ ನಿಮ್ಮದು ಮಟರ್ನಾ, ಚುಕ್ಕೆ ಅಂತ ನೀವೇ ಬರೆದಿದ್ದೀರಲ್ವಾ.

ಬೇರೆ ಪತಂಗಗಳ ಹೀರುಕೊಳವೆ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಇದರದ್ದು ಗಟ್ಟಿ, ಮೊನಚು. ದಾಳಿಂಬೆ ಸಿಪ್ಪೆಯನ್ನೇ ಚುಚ್ಚುತ್ತದೆ! ಸೂಜಿಯಷ್ಟು ತೂತು, ಸುತ್ತ ಕೊಳೆತ ಕಲೆ ಇದೆಯಾ ನೋಡಿ. ಮರಿಹುಳು ಮಾತ್ರ ದಾಳಿಂಬೆ ಗಿಡದಲ್ಲಿ ಸಿಗುವುದಿಲ್ಲ, ಅದು ಬೆಳೆಯುವುದು ಬೇಲಿಯ ಅಮೃತಬಳ್ಳಿಯಲ್ಲಿ. ಸುಮ್ನೆ ಔಷಧಿ ಹೊಡೆಯಬೇಡಿ. ಹಣ್ಣಿಗೆ ಚೀಲ ಕಟ್ಟಿ, ಉದುರಿದ್ದನ್ನು ಆರಿಸಿ ಹೂಳಿ.